ಬೆಳ್ಳಿ ಹುಣಸೆಮರ

ಕ್ಯಾಮೆರಾ ಹಿಡಿಯುವುದನ್ನು ಗಂಡನಿಗೆ ಕಲಿಸಿದವಳೇ ಶಾಂಭವಿ. ಆದರೆ ಇಬ್ಬರಿಗೂ ಇನ್‌ಫ್ರಾರೆಡ್ ಫೋಟೋಗ್ರಫಿಯ ಹುಚ್ಚು ಹತ್ತಿದ ಮೇಲೆ ಹೆಸರಾದವನು ಚಿದಂಬರ. ಒಂದೇ ಕ್ಯಾಮೆರಾದಲ್ಲಿ ಇಬ್ಬರೂ ತೆಗೆಯುತ್ತಿದ್ದರೂ, ಕೆಂಪಗೆ ಬರುವ ಚಿತ್ರದ ಬಣ್ಣ ಸರಿಮಾಡಿದಾಗ ಹಸಿರೆಲೆಗಳು ಹಾಲಿನಂತೆ ಬೆಳ್ಳಗಾಗಿ ಆಕಾಶ ಕಪ್ಪಾಗುವ ಮಾಯೆ ಒಲಿದದ್ದು ಅವನಿಗೇ ಎಂದು ಎಲ್ಲರೂ ಹೊಗಳುತ್ತಿದ್ದರು. ಕೇಳಿದಾಗಲೆಲ್ಲ ಅವಳ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು.

ಹಳೆಯ ಲ್ಯಾಪ್‌ಟಾಪ್ ಕೆಟ್ಟು ಅದರಲ್ಲಿದ್ದದ್ದೆಲ್ಲ ಹೋಗಿತ್ತು. ಉಳಿದ ಕೆಲವೇ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ತಂದು, ಅಂಗಡಿಯ ಹೊಸ ಲ್ಯಾಪ್‌ಟಾಪಿನಲ್ಲಿ ಹಾಕಿ ಪರದೆ ಹೇಗಿದೆಯೆಂದು ನೋಡುತ್ತಿದ್ದರು. ಚಿದಂಬರ ಇನ್ನೊಂದು ಮಾಡೆಲ್ ವಿಚಾರಿಸಲು ಆಚೆ ಹೋದ.

ಅಷ್ಟರಲ್ಲಿ ಕೆರೆಯಂಚಿನ ಹುಣಸೆಮರವೊಂದು ಪರದೆ ತುಂಬಿತು. ಕಪ್ಪು ನೀರಿನ ಮೇಲೆ ಬೆಳ್ಳಿಯಂತೆ ಬಾಗಿದ ಮರ.

ಅಂಗಡಿಯಾಕೆ ಕೆಲಸ ಬಿಟ್ಟು ನೋಡುತ್ತ ನಿಂತಳು. "ಅಬ್ಬಾ ಮೇಡಂ, ಇದನ್ನ ತೆಗೆದ ಕೈಗೆ ದೃಷ್ಟಿ ತೆಗೀಬೇಕು! ಸಾರ್ ತೆಗೆದಿದ್ದಾ?"

"ಇನ್ಯಾರು ತೆಗೀತಾರೆ?" ಎಂದಳು ಶಾಂಭವಿ.

ಆಕೆ ಬೇರೆ ಗಿರಾಕಿಯತ್ತ ತಿರುಗಿದ್ದೇ ತಡ, ಶಾಂಭವಿಯ ಬೆರಳು ಡಿಲೀಟ್ ಒತ್ತಿತು. ನಿಜವಾಗಿ ಅಳಿಸಬೇಕೇ ಎಂದು ಲ್ಯಾಪ್‌ಟಾಪ್ ಕೇಳಿತು. ಹೌದೆಂದು ಒತ್ತಿದಳು.

ಚಿದಂಬರ ಬಂದವನೇ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದ. ಮತ್ತೆ ಮೊದಲಿಂದ ನೋಡಿದ.

"ಆ ಹುಣಸೆಮರದ್ದು ಎಲ್ಲಿ ಹೋಯ್ತೇ?"

"ನಂಗೇನು ಗೊತ್ತು? ಹೋದ್ರೆ ಹೋಯ್ತು, ಅಂಥದ್ದೇ ಇನ್ನೊಂದು ತೆಗೆದ್ರಾಯ್ತು ಬಿಡಿ."

"ನನ್ನ ಕೈಲಿ ಎಲ್ಲಾಗುತ್ತೆ? ನೀನು ತೆಗೆದು, ಬರೀ ಕೆಂಪಗೆ ಬಂದಿದೆ ಅಂತ ಬೇಡ ಅಂದಿದ್ಯಲ್ಲ, ಅದನ್ನೇ ಬಣ್ಣ ಸರಿಮಾಡಿ ಇವತ್ತು ನಿಂಗೆ ತೋರಿಸೋಣ ಅಂತ ತಂದಿದ್ದೆ ಕಣೇ."