ಆಲೂಗಡ್ಡೆಗೆ ಎರಡು ರಿಂಗು

"ಕೆಲಸಕ್ಕೆ ಹೋಗೋಕೆ ಒಂದು ಕಡೆಗೆ ಎಷ್ಟು ನಿಮಿಷ ಆದ್ರೆ ತಡ್ಕೋಬಹುದು ಅಂತೀರಿ?" ಎಂದು ಆ ಹೆಂಗಸು ಕೇಳಿದಾಗ ರಿಕ್ ಇಸ್ಪೀಟು ಕಟ್ಟನ್ನು ಚೀಲಕ್ಕೆ ಹಾಕುತ್ತಿದ್ದ. ಸಂಜೆಯ ರೈಲು ಆಗಷ್ಟೇ ಕೋರ್ಟ್ರೈಕ್ ಬಿಟ್ಟಿತ್ತು. ಜೊತೆಗೆ ಆಡುವ ಇಬ್ಬರು ಅಲ್ಲೇ ಇಳಿದುಬಿಡುತ್ತಾರೆ. ಬ್ರಸೆಲ್ಸಿನಲ್ಲಿ ಹತ್ತಿ ಕೊನೆಯ ಊರು ಪೋಪರಿಂಗೆವರೆಗೂ ಕೂರುವವರು ರಿಕ್ ಮತ್ತು ವಿಲ್ಫ್ರಿಡ್ ಇಬ್ಬರೇ. ಹೆಂಗಸಿನ ಕೈಯಲ್ಲಿ ಯಾವುದೋ ವಿಶ್ವವಿದ್ಯಾಲಯದ ಸಮೀಕ್ಷೆಯ ಹಾಳೆ. ಮೂವತ್ತು, ನಲವತ್ತೈದು, ಅರವತ್ತು, ತೊಂಬತ್ತು ಎಂದು ಅದರಲ್ಲಿ ನಾಲ್ಕೇ ಚೌಕಗಳಿದ್ದವು.

"ನಮ್ಮನ್ನ ಮರ್ತೇಬಿಟ್ಟಿದೀರಲ್ಲ ಮೇಡಂ," ಎಂದ ರಿಕ್. "ನಮ್ದು ನೂರಾ ಮೂವತ್ತು. ಇವನು ಮೂವತ್ತೊಂದು ವರ್ಷದಿಂದ ಹೀಗೇ ಓಡಾಡ್ತಿದಾನೆ. ಕಟ್ಕೊಂಡವಳಿಗಿಂತ ನನ್ನ ಮುಖಾನೇ ಜಾಸ್ತಿ ನೋಡಿದಾನೆ, ಪಾಪ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಈ ರೈಲಿನಲ್ಲಿ ಆಡಿ ಆಡಿ ರೂಢಿಯಾದ ಮಾತು ಅದು. ವಿಲ್ಫ್ರಿಡ್‌ನ ಹೆಂಡತಿ ರೋಸಾನ್ ತೀರಿಕೊಂಡು ಆರು ವಾರವಾಗಿತ್ತು, ಆ ನಾಲಿಗೆಗೆ ಮಾತ್ರ ಅದಿನ್ನೂ ಗೊತ್ತಾದಂತಿರಲಿಲ್ಲ. ವಿಲ್ಫ್ರಿಡ್ ಬೇಸರ ಮಾಡಿಕೊಳ್ಳಲಿಲ್ಲ. ಅವನ ಗಮನವೆಲ್ಲ ಕೋಟಿನ ಒಳಜೇಬಿನಲ್ಲಿದ್ದ ಕಾಗದದ ಮೇಲಿತ್ತು. ಊರಿನ ಪಕ್ಕದ ಈಪರ್ ಶಾಖೆಗೆ ವರ್ಗ ಕೊಡಿ, ಮನೆಯಲ್ಲಿ ಹೆಂಡತಿ ಒಬ್ಬಳೇ ಇರುತ್ತಾಳೆ ಎಂದು ತಾನು ಕೆಲಸ ಮಾಡುವ ವಿಮಾ ಕಂಪನಿಗೆ ಅವನು ಹನ್ನೆರಡು ವರ್ಷ ಅರ್ಜಿ ಹಾಕಿದ್ದ. ಜಾಗ ಖಾಲಿ ಇಲ್ಲ ಎಂದು ಹನ್ನೆರಡು ವರ್ಷವೂ ಉತ್ತರ ಬಂದಿತ್ತು. ಹೋದ ವಾರ ಜಾಗ ಖಾಲಿಯಾಗಿದೆ, ಒಪ್ಪಿಗೆಯೋ ಇಲ್ಲವೋ ಬರೆದು ಕೊಡಿ ಎಂದು ಕಾಗದ ಬಂತು. ನಾಳೆಯೇ ಕೊನೆಯ ದಿನ. ಬಂದದ್ದು ಬಂತು, ಎರಡು ತಿಂಗಳು ಮೊದಲೇ ಬರಬಾರದಿತ್ತೇ?

ಬ್ರಸೆಲ್ಸಿನಲ್ಲೇ ಮನೆ ಮಾಡಲಿಲ್ಲ ಯಾಕೆ ಎಂದು ಹೆಂಗಸು ಕೇಳಿದಳು. ಮೊದಲು ಅತ್ತೆ ಹಾಸಿಗೆ ಹಿಡಿದಿದ್ದರು, ಆಮೇಲೆ ರೋಸಾನ್‌ಳ ಕೋಳಿಗಳು ಬಂದವು, ಆಮೇಲೆ ಅಭ್ಯಾಸವಾಗಿಹೋಯಿತು ಎಂದ ವಿಲ್ಫ್ರಿಡ್. ಸುಮ್ಮನಿರಲಾರದ ರಿಕ್ ನಡುವೆ ಬಾಯಿ ಹಾಕಿ, ಇನ್ನು ಆ ತಾಪತ್ರಯವಿಲ್ಲ, ಜನವರಿಯಿಂದ ಇವನಿಗೆ ಈಪರ್‌ನಲ್ಲೇ ಕೆಲಸ, ಪೋಪರಿಂಗೆಯಿಂದ ಎಂಟು ನಿಮಿಷದ ದಾರಿ, ಸಹಿ ಹಾಕೋ ಮಾರಾಯ ಎಂದು ವಾರದಿಂದ ಬಡಕೊಳ್ಳುತ್ತಿದ್ದೇನೆ ಎಂದು ಹೇಳಿಬಿಟ್ಟ.

"ಎಂಟೇ ನಿಮಿಷವಾ? ನಿಮ್ಮ ಮನೆಯವರಿಗೆ ಎಷ್ಟು ಖುಷಿಯಾಗಿರಬೇಕು," ಎಂದಳು ಹೆಂಗಸು.

ಅಷ್ಟರಲ್ಲಿ ರೈಲು ನಿಧಾನವಾಗಿ ಈಪರ್ ಸ್ಟೇಷನ್ನಿಗೆ ಬಂತು. ವಿಲ್ಫ್ರಿಡ್ ಮೊಬೈಲು ತೆಗೆದು, ಒಂದು ನಂಬರು ಒತ್ತಿ, ಕಿವಿಗೆ ಹಿಡಿದ. ಎರಡು ರಿಂಗಾಗುತ್ತಲೇ ಕಟ್ ಮಾಡಿ ಜೇಬಿಗಿಟ್ಟ. ಯಾರಿಗೆ ಎಂದು ಹೆಂಗಸು ನಗುತ್ತಾ ಕೇಳಿದಳು.

"ಮನೆಗೆ. ಈಪರ್ ಬಂದ್ರೆ ಎರಡು ರಿಂಗು ಕೊಡ್ತೀನಿ. ಅವಳು ಆಲೂಗಡ್ಡೆ ಬೇಯಕ್ಕಿಡ್ತಾಳೆ. ರೈಲಲ್ಲಿ ಎಂಟು ನಿಮಿಷ, ನಡ್ಕೊಂಡು ಹೋಗಕ್ಕೆ ಹನ್ನೆರಡು. ನಾನು ಕೋಟು ಬಿಚ್ಚೋ ಹೊತ್ತಿಗೆ ನೀರು ಬಸೀತಿರ್ತಾಳೆ."

ಮೊಬೈಲು ಬರುವ ಮೊದಲು ಅವನು ಪ್ಲಾಟ್‌ಫಾರ್ಮಿನ ಫೋನ್ ಬೂತಿಗೆ ಓಡಿ, ಎರಡು ರಿಂಗು ಕೊಟ್ಟು, ಗಾರ್ಡು ಸೀಟಿ ಊದುವಷ್ಟರಲ್ಲಿ ಓಡಿ ಬಂದು ಹತ್ತುತ್ತಿದ್ದ. ರಿಕ್ ಬಾಗಿಲಿಗೆ ಕಾಲು ಅಡ್ಡ ಇಟ್ಟು ನಿಂತಿರುತ್ತಿದ್ದ. ಅದೆಲ್ಲ ನೆನಪಾಗಿಯೋ ಏನೋ, ರಿಕ್‌ಗೆ ಇನ್ನು ತಡೆಯಲಾಗಲಿಲ್ಲ.

"ಸಾಕು ಕಣೋ, ವಿಲ್ಫ್ರಿಡ್," ಎಂದು ಗೆಳೆಯನ ಮೊಣಕಾಲಿನ ಮೇಲೆ ಕೈಯಿಟ್ಟು, ಹೆಂಗಸಿನ ಕಡೆ ತಿರುಗಿದ. "ಇವನ ಹೆಂಡತಿ ಹೋಗಿ ಆರು ವಾರ ಆಯ್ತು ಮೇಡಂ. ಆ ಮನೇಲಿ ಫೋನ್ ಎತ್ತೋರು ಯಾರೂ ಇಲ್ಲ."

ಹೆಂಗಸಿನ ಮುಖ ಬಾಡಿತು. ಗೊತ್ತಿರಲಿಲ್ಲ, ತಪ್ಪು ತಿಳಿಯಬೇಡಿ ಎಂದು ಹಾಳೆಗಳನ್ನು ಎತ್ತಿಟ್ಟುಕೊಳ್ಳಲು ಹೋದಳು. ರೈಲು ಹೊರಟಿತು. ವಿಲ್ಫ್ರಿಡ್ ಒಳಜೇಬಿನಿಂದ ಕಾಗದ ತೆಗೆದು ಬಿಡಿಸಿ, ಒಂದು ನಿಮಿಷ ಕೊಡಿ ಎಂದು ಅವಳ ಪೆನ್ನು ಈಸಿಕೊಂಡ. ರಿಕ್‌ನ ಚೀಲವನ್ನೇ ತೊಡೆಯ ಮೇಲೆ ಎಳೆದುಕೊಂಡ. ಮೂವತ್ತೊಂದು ವರ್ಷದಿಂದ ಅವರ ಇಸ್ಪೀಟು ಮೇಜು ಅದೇ. ಅದರ ಮೇಲೆ ಕಾಗದವಿಟ್ಟು, ಕೆಳಗಡೆ 'ಬೇಡ' ಎಂದು ಬರೆದು ಸಹಿ ಹಾಕಿದ. ರಿಕ್ ಬಗ್ಗಿ ಓದಿದ.

"ಎಂಟು ನಿಮಿಷದ ಕೆಲಸ ಬೇಡ ಅಂದ್ರಾ?" ಎಂದು ಹೆಂಗಸು ಮೆಲ್ಲಗೆ ಕೇಳಿದಳು.

ವಿಲ್ಫ್ರಿಡ್ ಪೆನ್ನನ್ನು ವಾಪಸು ಕೊಟ್ಟ.

"ಬ್ರಸೆಲ್ಸಿಂದ ಈಪರ್‌ವರೆಗೆ ಎರಡು ಗಂಟೆ ಎರಡು ನಿಮಿಷ. ಇಸ್ಪೀಟಲ್ಲಿ, ಇವನ ಹರಟೇಲಿ ಕಳ್ದುಹೋಗತ್ತೆ. ಅಷ್ಟೂ ತಡ್ಕೋತೀನಿ, ಬರ್ಕೊಳಿ," ಎಂದ. "ಆಮೇಲಿನ ಎಂಟು ನಿಮಿಷ ಇದೆ ನೋಡಿ, ಅದು ಮಾತ್ರ ನನ್ನ ಕೈಲಿ ಆಗ್ತಿಲ್ಲ. ಈಪರ್‌ಗೆ ಸೇರ್ಕೊಂಡ್ರೆ ನಂಗೆ ಅದೊಂದೇ ಉಳಿಯೋದು."