ಒಂದೇ ಎಲೆ

"ಈಗ್ಲೇ ಒಂದು ಸುತ್ತು ಹಾಕಿಸ್ಲಾ, ಸಂಜೆ ಬರ್ತೀರಾ? ಸಂಜೆಯಾದ್ರೆ ಹೊತ್ತು ಮುಳುಗೋದು ನೋಡ್ತಾ ಹರಿಗೋಲಲ್ಲೇ ಉಣ್ಬೋದು," ಎಂದ ಶಿವಮೊಗ್ಗದ ಹೊಳೆದಂಡೆಯ ಅಂಬಿಗ.

"ಸಂಜೇನೇ ಚೆಂದ," ಎಂದ ಹಾಲಮ್ಮ ಗಂಡನ ಕಡೆ ನೋಡಿದಳು. "ಆದ್ರೆ ಭದ್ರಾವತಿ ರೈಲು?"

"ಹೋದ್ರೆ ಹೋಗ್ಲಿ ಮಾರಾಯ್ತಿ," ಎಂದ ಷಣ್ಮುಖಪ್ಪ.

ಹರಿಗೋಲು ನಡುಹೊಳೆಗೆ ಬಂದಾಗ ನೀರೆಲ್ಲ ಕೆಂಪಾಗಿತ್ತು. "ನಿಮ್ಮ ಕಾರ್ಖಾನೆ ಕುಲುಮೆ ಇದ್ದಂಗಿದೆ ನೋಡಿ," ಎಂದು ಹಾಲಮ್ಮ ನಕ್ಕು ಕೆಮ್ಮಿದಳು. ಬೆಳಗ್ಗೆ ದೊಡ್ಡಾಸ್ಪತ್ರೆಯ ಡಾಕ್ಟರ ಕೋಣೆಯಿಂದ ಒಬ್ಬನೇ ಹೊರಬಂದ ಷಣ್ಮುಖಪ್ಪ, ಟಾನಿಕ್ ಕುಡಿದರೆ ನಿನ್ನ ಕೆಮ್ಮೆಲ್ಲ ಸರಿಹೋಗುತ್ತದಂತೆ ಎಂದಿದ್ದ. ಅವಳು ನಂಬಿದ್ದಳು.

ಹಾಲಮ್ಮ ಬುತ್ತಿ ಬಿಚ್ಚಿ, ತಂದಿದ್ದ ಒಂದೇ ಬಾಳೆಲೆಯನ್ನು ಗಂಡನ ಮುಂದೆ ಹಾಸಿ ರೊಟ್ಟಿ, ಪಲ್ಯ ಬಡಿಸಿದಳು. ಅವನು ಉಂಡೆದ್ದ ಮೇಲೆ ಅದೇ ಎಲೆಯಲ್ಲಿ ಅವಳು ಉಣ್ಣುವುದು, ಮದುವೆಯಾದಂದಿನಿಂದ ಹಾಗೇ. ಷಣ್ಮುಖಪ್ಪ ಉಣ್ಣಲು ಕೈ ತೊಳೆದ. ಆಮೇಲೆ ರೊಟ್ಟಿ ಮುಟ್ಟದೆ ಎಲೆಯನ್ನು ನಿಧಾನವಾಗಿ ಅವಳ ಮುಂದಕ್ಕೆ ಸರಿಸಿದ.

"ಇವತ್ತು ನೀನು ಮೊದ್ಲು ಉಣ್ಣು."

ಹಾಲಮ್ಮನ ನಗು ನಿಂತಿತು. ಕುಲುಮೆಯ ಬೆಂಕಿಯ ಮುಂದೆ ದುಡಿದು ಒರಟಾದ ಗಂಡನ ಕೈ ಇನ್ನೂ ಎಲೆಯ ಅಂಚನ್ನು ಬಿಟ್ಟಿರಲಿಲ್ಲ.

"ಡಾಕ್ಟ್ರು ನಿಜವಾಗ್ಲೂ ಏನಂದ್ರು?"

"ಮೊದ್ಲು ಉಣ್ಣು," ಎಂದ ಅವನು, ನೀರಿನ ಕಡೆ ತಿರುಗಿ. ಅವಳು ಎಲೆಯನ್ನು ಮತ್ತೆ ಅವನ ಮುಂದಕ್ಕೇ ಸರಿಸಿದಳು.

"ನೀವೇ ಉಣ್ಣಿ ಮೊದ್ಲು. ಇವತ್ತೊಂದಿನ ಎಲ್ಲಾ ದಿನದ ಹಂಗೇ ಇರ್ಲಿ."