ತೂಕಕ್ಕೆ ಕಲ್ಲು

ಏಪ್ರಿಲ್ ಬಂತೆಂದರೆ ವಾಲ್ಪರೈಸೊದ ಬೆಟ್ಟಗಳಿಗೆ ಕಡಲಿನ ಮಂಜು ಹತ್ತುತ್ತದೆ. ಹಸಿಂತೊ ಬೆಳಗ್ಗೆಯೇ ಮೇಲಿನ ನಿಲ್ದಾಣದಲ್ಲಿ ಕೂತು ಹಗ್ಗದ ರಾಟೆಗೆ ಎಣ್ಣೆ ಬಿಡುತ್ತಿದ್ದ. ಅವನ ಬಲಗಾಲಿನ ಶೂಗೆ ಲೇಸಿರಲಿಲ್ಲ, ತಂತಿ ಬಿಗಿದಿದ್ದ.

ಇಪ್ಪತ್ತಾರು ವರ್ಷ ಅವನು ಇಲ್ಲಿ, ಜನರನ್ನು ಹಳಿಯ ಮೇಲೆ ಬೆಟ್ಟ ಹತ್ತಿಸಿ ಇಳಿಸುವ ಏರುಬಂಡಿಯ ಚಾಲಕನಾಗಿದ್ದ. ಒಂದೇ ಉಕ್ಕಿನ ಹಗ್ಗಕ್ಕೆ ಎರಡು ಡಬ್ಬಿ. ಒಂದು ಏರಿದರೆ ಇನ್ನೊಂದು ಇಳಿಯಬೇಕು. ಕೆಳಗಿನ ಟಿಕೆಟ್ ಕಿಟಕಿಯಲ್ಲಿ ಕ್ಲೊರಿಂದಾ. ಅವಳು ಎರಡು ಸಲ ಗಂಟೆ ಹೊಡೆದರೆ ಇವನು ಬ್ರೇಕು ಬಿಡುವುದು.

ಬಂಡಿ ನಿಂತು ಹನ್ನೊಂದು ವರ್ಷ. ಹಳಿಯ ಮೇಲೆ ಮುಳ್ಳು ಬೆಳೆದಿದೆ. ಈಗ ಅಲ್ಲಿ ಒಂದು ನಾರಿನ ಹಗ್ಗ, ಎರಡು ಬುಟ್ಟಿ. ಅವಳು ರೊಟ್ಟಿ ಕಳಿಸುತ್ತಾಳೆ. ತೂಕ ಸರಿಹೋಗಲೆಂದು ಇವನು ಮೇಲಿನ ಬುಟ್ಟಿಗೆ ದುಂಡನೆಯ, ನುಣುಪಾದ ಕಲ್ಲು ತುಂಬುತ್ತಾನೆ.

ಶಾಲೆಯ ಟೀಚರ್ ಮಿರೇಯಾ ಕಾಗದ ಹಿಡಿದು ಬಂದಳು.

"ದೋನ್ ಹಸಿಂತೊ, ಏರುಬಂಡಿ ಮತ್ತೆ ಶುರು ಮಾಡ್ತಾರಂತೆ. ಮೆಟ್ಲು ಇಳಿಯೋಕಾಗದವರ ಸಹಿ ಬೇಕು. ನಿಮ್ಮ ಕೆಟ್ಟ ಮಂಡಿಗಿಂತ ದೊಡ್ಡ ಸಾಕ್ಷಿ ಈ ಬೆಟ್ಟದಲ್ಲಿ ಯಾವುದಿದೆ?"

"ಹಾಕಲ್ಲ."

"ಇನ್ನೂರ ಹನ್ನೆರಡು ಮೆಟ್ಲು! ಹೀಗೇ ಬುಟ್ಟಿ ರೊಟ್ಟಿ ತಿಂದ್ಕೊಂಡು ಸಾಯ್ತೀರಾ?"

"ಬಂಡಿ ಬಂದ್ರೆ ಕಿಟಕೀಲಿ ಹೊಸಬರು ಕೂರ್ತಾರೆ. ಕ್ಲೊರಿಂದಾಗೆ ಏನು ಕೆಲಸ ಉಳಿಯುತ್ತೆ?"

"ಅವಳೂ ಹಾಕಲ್ಲ ಅಂದ್ಲು. ಯಾಕೆ ಅಂತ ಕೇಳಿದ್ರೆ ಕಿಟಕಿ ಮುಚ್ಕೊಂಡ್ಲು. ಕೆಳಗೊಂದು ಕತ್ತೆ, ಮೇಲೊಂದು ಕತ್ತೆ!"

ಮಿರೇಯಾ ಹೋದಳು. ಹಸಿಂತೊ ಎಣ್ಣೆಯ ಬೆರಳು ಒರೆಸಿಕೊಂಡ.

ಬಂಡಿ ನಿಂತ ವರ್ಷ ಕ್ಲೊರಿಂದಾ ಕಿಟಕಿಯ ಹಿಂದಿನ ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಳು. ಮೂರು ತಿಂಗಳು. ಯಾರು ಕರೆದರೂ ಓಗೊಡಲಿಲ್ಲ. ಕೊನೆಗೆ ಇವನು ಮೇಲಿನಿಂದ ಬುಟ್ಟಿ ಇಳಿಬಿಟ್ಟು ಕೂಗಿದ್ದ: "ಕ್ಲೊರಿಂದಾ, ನನ್ನ ಮಂಡಿ ಹೋಯ್ತು ಕಣೇ! ಇಳಿಯೋಕಾಗ್ತಿಲ್ಲ. ರೊಟ್ಟಿ ಕಳ್ಸು, ಇಲ್ಲಾಂದ್ರೆ ಸತ್ತೆ!"

ಮಾರನೆಯ ಬೆಳಗ್ಗೆ ಎರಡು ಸಲ ಗಂಟೆ ಕೇಳಿಸಿತ್ತು.

ಮಧ್ಯಾಹ್ನ ಮಂಜು ದಟ್ಟವಾಯಿತು. ಹಸಿಂತೊ ಎದ್ದು, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು, ಹಿಂಬದಿಯ ಇನ್ನೂರ ಹನ್ನೆರಡು ಮೆಟ್ಟಿಲುಗಳನ್ನು ಎಂದಿನಂತೆ ಸರಸರ ಇಳಿದ. ಕಡಲಂಚಿನಲ್ಲಿ ನಾಳೆಯ ತೂಕಕ್ಕೆ ಕಲ್ಲು ಆರಿಸಿದ. ಅಲ್ಲಿ ಅವನನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ಬರುವಾಗ ಅವಳ ಕಿಟಕಿಯ ಎದುರು ಗೋಡೆಗೆ ಅಂಟಿಕೊಂಡು ದಾಟಿದ. ಒಳಗೆ ದೀಪ ಉರಿಯುತ್ತಿತ್ತು; ಬೆಳಕು ಅವನ ಶೂನ ತಂತಿಯ ಮೇಲೆ ಬಿತ್ತು. ಬಾಗಿಲು ತಟ್ಟೋಣವೆನಿಸಿತು. ತಟ್ಟಿದರೆ ಮಂಡಿಯ ಸುಳ್ಳು ಹೊರಬೀಳುತ್ತದೆ, ನಾಳೆ ಗಂಟೆ ಇರುವುದಿಲ್ಲ. ಕಲ್ಲಿನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮೆಟ್ಟಿಲು ಹತ್ತಿದ.

ಮರುದಿನ ಎರಡು ಸಲ ಗಂಟೆ. ಕಲ್ಲಿನ ಬುಟ್ಟಿ ಇಳಿಯಿತು, ರೊಟ್ಟಿಯ ಬುಟ್ಟಿ ಏರಿತು. ಬಟ್ಟೆ ಸರಿಸಿದ. ರೊಟ್ಟಿ ಇನ್ನೂ ಬಿಸಿಯಾಗಿತ್ತು.

ಅದರ ಕೆಳಗೆ ಹೊಸ ಶೂ ಲೇಸು ಇತ್ತು. ಒಂದೇ ಒಂದು.